ಎಸ್‌ಟಿಪಿ ನೀರು ತಿಳಿಯಾಗಿದೆ, ವಾಸನೆಯೂ ಇಲ್ಲ. ರೋಗದ ಬ್ಯಾಕ್ಟೀರಿಯಾ ಇದೆಯೋ ಇಲ್ಲವೋ ತಿಳಿಯೋದು ಹೇಗೆ?

ಪ್ರಶ್ನೆ: ಬೆಂಗಳೂರಿನ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಎಸ್‌ಟಿಪಿ (ಕೊಳಚೆ ನೀರು ಸಂಸ್ಕರಣಾ ಘಟಕ) ನೀರನ್ನು ಫ್ಲಶ್‌ಗೂ ಗಾರ್ಡನ್‌ಗೂ ಬಳಸುತ್ತೇವೆ. ತಿಂಗಳ ರಿಪೋರ್ಟಿನಲ್ಲಿ ಟೈಫಾಯ್ಡ್, ಕಾಲರಾ ಅಂತ ಎಲ್ಲೂ ಬರೆದಿರಲ್ಲ. 'ಫೀಕಲ್ ಕೋಲಿಫಾರ್ಮ್' ಎಂಬ ಒಂದು ಸಂಖ್ಯೆ ಮಾತ್ರ ಇರುತ್ತದೆ. ಮಕ್ಕಳು ಲಾನ್ ಮೇಲೆ ಆಡುತ್ತಾರೆ. ಆ ಸಂಖ್ಯೆಯನ್ನು ನಂಬಬಹುದಾ?

ಉತ್ತರ: ನಂಬಬಹುದು. ಆದರೆ ಆ ಸಂಖ್ಯೆಗೆ ಮೂಲವಾದ ಬಾಟಲಿಯನ್ನು ಯಾರು, ಯಾವ ಹೊತ್ತಿನಲ್ಲಿ, ಹೇಗೆ ತುಂಬಿದರು ಅನ್ನೋದು ನಿಮಗೆ ಗೊತ್ತಿರಬೇಕು. ನಾನು ನೋಡಿದ ಮಟ್ಟಿಗೆ ಲ್ಯಾಬಿನೊಳಗೆ ಆಗುವ ತಪ್ಪಿಗಿಂತ ಬಾಟಲಿ ತುಂಬುವಾಗ ಆಗುವ ತಪ್ಪೇ ಜಾಸ್ತಿ.

ಮೊದಲು ನೀರು ತಿಳಿಯಾಗಿ ಕಾಣುವ ವಿಚಾರ. ಎಸ್‌ಟಿಪಿಯ ಮುಖ್ಯ ಕೆಲಸ ನೀರಿನಲ್ಲಿ ಕರಗಿದ, ತೇಲುವ ಕೊಳೆಯನ್ನು ತೆಗೆಯೋದು. ಬ್ಲೋವರ್ ಗಾಳಿ ಊದುತ್ತದೆ. ಏರೇಷನ್ ಟ್ಯಾಂಕಿನಲ್ಲಿ ಬೆಳೆಸಿದ ಬ್ಯಾಕ್ಟೀರಿಯಾಗಳು ಆ ಕೊಳೆಯನ್ನು ತಿನ್ನುತ್ತವೆ. ಸ್ಲಡ್ಜ್ (ಬ್ಯಾಕ್ಟೀರಿಯಾ ತುಂಬಿದ ಕೆಸರು) ತಳಕ್ಕೆ ಕೂರುತ್ತದೆ, ಮೇಲಿನ ತಿಳಿ ನೀರು ಫಿಲ್ಟರ್‌ಗೆ ಹೋಗುತ್ತದೆ. ರೋಗ ತರುವ ಬ್ಯಾಕ್ಟೀರಿಯಾಗಳಲ್ಲಿ ಹೆಚ್ಚಿನವು ಸ್ಲಡ್ಜ್‌ಗೆ ಅಂಟಿಕೊಂಡು ಕೆಳಗಿಳಿಯುತ್ತವೆ. ಇನ್ನು ಕೆಲವನ್ನು ಅಲ್ಲೇ ಇರುವ ಪ್ರೊಟೊಜೋವಾಗಳು ತಿಂದುಬಿಡುತ್ತವೆ. ಹೀಗೆ ಶೇ. 90ರಿಂದ 99ರಷ್ಟು ಕಡಿಮೆಯಾಗುತ್ತವೆ.

ಶೇ. 99 ಅಂದ ಕೂಡಲೇ ಸಮಾಧಾನ ಆಗುತ್ತೆ, ಅಲ್ವಾ? ಲೆಕ್ಕ ಹಾಕಿ ನೋಡಿ. ಸಂಸ್ಕರಿಸದ ಕೊಳಚೆ ನೀರಿನ 100 ಮಿಲಿಲೀಟರಿನಲ್ಲಿ ಒಂದು ಕೋಟಿ ಫೀಕಲ್ ಕೋಲಿಫಾರ್ಮ್, ಅಂದರೆ ಮಲದಿಂದ ಬರುವ ಒಂದು ಗುಂಪಿನ ಬ್ಯಾಕ್ಟೀರಿಯಾ, ಇರೋದು ಮಾಮೂಲಿ. ಅದರಲ್ಲಿ ಶೇ. 99 ಹೋದರೂ 1 ಲಕ್ಷ ಉಳಿಯಿತು. ಆ ಒಂದು ಲಕ್ಷ ಇರುವ ನೀರನ್ನು ಗಾಜಿನ ಲೋಟಕ್ಕೆ ಹಾಕಿ ಬೆಳಕಿಗೆ ಹಿಡಿದರೂ ಏನೂ ಕಾಣಿಸಲ್ಲ. ಕಣ್ಣಿಗೆ ನೀರು ಕದಡಿದಂತೆ ಕಾಣಬೇಕಾದರೆ ಇದರ ಸಾವಿರಾರು ಪಟ್ಟು ಬ್ಯಾಕ್ಟೀರಿಯಾ ಬೇಕು.

ಕೇಂದ್ರ ಪರಿಸರ ಸಚಿವಾಲಯ 2017ರಲ್ಲಿ ಸಂಸ್ಕರಿಸಿದ ನೀರಿಗೆ ಹಾಕಿದ ಮಿತಿ 100 ಮಿಲಿಲೀಟರಿಗೆ 1000ಕ್ಕಿಂತ ಕಡಿಮೆ. 2019ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಅದನ್ನು 230ಕ್ಕೆ ಇಳಿಸಿತು, 100ರೊಳಗೆ ಇದ್ದರೆ ಇನ್ನೂ ಒಳ್ಳೆಯದು ಎಂದಿತು. ನಿಮ್ಮ ಎಸ್‌ಟಿಪಿಗೆ ಯಾವ ಮಿತಿ ಅನ್ನೋದು ಮಾಲಿನ್ಯ ನಿಯಂತ್ರಣ ಮಂಡಳಿಯ ಒಪ್ಪಿಗೆ ಪತ್ರದಲ್ಲಿರುತ್ತದೆ, ತೆಗೆದು ನೋಡಿ. ಮಿತಿ ಯಾವುದೇ ಇರಲಿ, ಲಕ್ಷದಿಂದ ನೂರರ ಲೆಕ್ಕಕ್ಕೆ ಇಳಿಸುವ ಹೊಣೆಯೆಲ್ಲ ಕೊನೆಯ ಹಂತದ ಕ್ಲೋರಿನ್ ಅಥವಾ ಯುವಿ ದೀಪದ ಮೇಲೆ ಬೀಳುತ್ತದೆ.

ಕೋಲಾರದ ಜನ ಕೇಳುತ್ತಿರೋದೂ ಇದನ್ನೇ. ಬೆಂಗಳೂರಿನ ಕೋರಮಂಗಲ-ಚಲ್ಲಘಟ್ಟ ಕಣಿವೆಯ ಎಸ್‌ಟಿಪಿಗಳ ನೀರು 2018ರಲ್ಲಿ ಕೋಲಾರದ ಲಕ್ಷ್ಮೀಸಾಗರ ಕೆರೆಗೆ ಹರಿಯಿತು. ಆಗಿನಿಂದಲೂ ಅಲ್ಲಿ ಮೂರನೇ ಹಂತದ ಸಂಸ್ಕರಣೆ ಬೇಕು ಎಂಬ ಬೇಡಿಕೆ ಇದೆ. ಎರಡನೇ ಹಂತ (ಬ್ಯಾಕ್ಟೀರಿಯಾ ಕೊಳೆ ತಿಂದು ಸ್ಲಡ್ಜ್ ಕೂರುವ ಹಂತ) ಮುಗಿಸಿದ ನೀರಿನಲ್ಲಿ ಎಷ್ಟು ಉಳಿದಿರುತ್ತದೆ ಅಂತ ಮೇಲಿನ ಲೆಕ್ಕ ನೋಡಿದವರಿಗೆ ಆ ಬೇಡಿಕೆ ಅತಿ ಅನ್ನಿಸಲ್ಲ. ಕೆರೆಯಲ್ಲಿ ಬಿಸಿಲು ಬ್ಯಾಕ್ಟೀರಿಯಾಗಳನ್ನು ಕೊಲ್ಲುತ್ತದೆ ಅನ್ನೋದು ನಿಜ. ಎಷ್ಟು ಕೊಂದಿತು ಅಂತ ತಿಳಿಯಲು ಕೆರೆಯಲ್ಲೂ ಪದೇ ಪದೇ ಟೆಸ್ಟ್ ಮಾಡುತ್ತಿರಬೇಕು.

ಈಗ ನಿಮ್ಮ ಮುಖ್ಯ ಪ್ರಶ್ನೆ. ನೇರವಾಗಿ ಟೈಫಾಯ್ಡ್ ಬ್ಯಾಕ್ಟೀರಿಯಾವನ್ನೇ ಯಾಕೆ ಹುಡುಕಲ್ಲ? ಯಾಕೆಂದರೆ ಅದು ಪ್ರತಿದಿನ ಬರಲ್ಲ. ಕಟ್ಟಡದಲ್ಲಿ ಯಾರಿಗಾದರೂ ಸೋಂಕು ಇದ್ದಾಗ ಮಾತ್ರ ಬರುತ್ತದೆ, ಬಂದರೂ ಕೋಟಿಗಟ್ಟಲೆ ಬೇರೆ ಬ್ಯಾಕ್ಟೀರಿಯಾಗಳ ನಡುವೆ ಬೆರಳೆಣಿಕೆಯಷ್ಟು ಇರುತ್ತದೆ. ಟೈಫಾಯ್ಡಿನ ಸಾಲ್ಮೊನೆಲ್ಲಾ, ರಕ್ತಭೇದಿಯ ಶಿಗೆಲ್ಲಾ, ಕಾಲರಾದ ವಿಬ್ರಿಯೋ, ಲ್ಯಾಬಿನಲ್ಲಿ ಬೆಳೆಸಲು ಒಂದೊಂದಕ್ಕೂ ಬೇರೆ ಬೇರೆ ಆಹಾರ, ಬೇರೆ ಬೇರೆ ದಿನಗಳ ಲೆಕ್ಕ. ಒಂದು ಸಿಗಲಿಲ್ಲ ಅಂದ ಮಾತ್ರಕ್ಕೆ ಇನ್ನೊಂದು ಇಲ್ಲ ಅಂತಲೂ ಅಲ್ಲ.

ಅದಕ್ಕೇ ಪ್ರತಿಯೊಬ್ಬರ ಕರುಳಿನಲ್ಲೂ ಯಾವಾಗಲೂ ಇರುವ ಬ್ಯಾಕ್ಟೀರಿಯಾವನ್ನು ಎಣಿಸುತ್ತಾರೆ. 1885ರಲ್ಲಿ ಜರ್ಮನಿಯ ಮಕ್ಕಳ ವೈದ್ಯ ಥಿಯೋಡರ್ ಎಷೆರಿಕ್ ಹಸುಗೂಸುಗಳ ಮಲದಲ್ಲಿ ಗುರುತಿಸಿದ ಇ. ಕೋಲಿ ಫೀಕಲ್ ಕೋಲಿಫಾರ್ಮ್ ಗುಂಪಿನ ಮುಖ್ಯ ಸದಸ್ಯ. ಅದರಲ್ಲಿ ಬಹುಪಾಲು ರೋಗ ತರಲ್ಲ. ಆದರೆ ಅದು ಬದುಕಿ ಈಚೆ ಬಂದಿದೆ ಅಂದರೆ ಮಲದಿಂದ ನಿಮ್ಮ ಲಾನ್‌ವರೆಗೆ ದಾರಿ ತೆರೆದಿದೆ ಅಂತ ಅರ್ಥ. ನಾಳೆ ಅದೇ ದಾರಿಯಲ್ಲಿ ಟೈಫಾಯ್ಡ್ ಕೂಡ ಬರಬಹುದು. ನಿಮ್ಮ ರಿಪೋರ್ಟ್ ಹೇಳುತ್ತಿರೋದು ಆ ದಾರಿಯ ಬಗ್ಗೆ.

ಎಣಿಸುವ ರೀತಿ ನೋಡಲು ಚೆನ್ನಾಗಿರುತ್ತದೆ. ಸ್ಟ್ಯಾಂಡಿನಲ್ಲಿ 15 ಟ್ಯೂಬು, ಐದೈದರ ಮೂರು ಸಾಲು. ಒಂದೊಂದು ಸಾಲಿಗೂ ನೀರಿನ ಪ್ರಮಾಣ ಹಿಂದಿನದರ ಹತ್ತನೇ ಒಂದಕ್ಕೆ ಇಳಿಯುತ್ತಾ ಹೋಗುತ್ತದೆ. ಪ್ರತಿ ಟ್ಯೂಬಿನಲ್ಲೂ ನೇರಳೆ ಬಣ್ಣದ ಲ್ಯಾಕ್ಟೋಸ್ ದ್ರಾವಣ. ಅದರೊಳಗೆ ತಲೆಕೆಳಗಾಗಿ ಮುಳುಗಿಸಿದ ಕಿರುಬೆರಳಿಗಿಂತ ಚಿಕ್ಕ ಡರ್ಹಾಮ್ ಟ್ಯೂಬು. ಒಂದೆರಡು ದಿನ 35ರಿಂದ 37 ಡಿಗ್ರಿಯಲ್ಲಿ ಇಟ್ಟರೆ ಕೋಲಿಫಾರ್ಮ್ ಇರುವ ಟ್ಯೂಬು ಹಳದಿಗೆ ತಿರುಗುತ್ತದೆ, ಚಿಕ್ಕ ಟ್ಯೂಬಿನ ತುದಿಯಲ್ಲಿ ಗ್ಯಾಸಿನ ಗುಳ್ಳೆ ನಿಲ್ಲುತ್ತದೆ. ಅಂಥ ಟ್ಯೂಬುಗಳಿಂದ ಒಂದೊಂದು ಹನಿ ತೆಗೆದು ಇನ್ನೊಂದು ದ್ರಾವಣಕ್ಕೆ ಹಾಕಿ 44.5 ಡಿಗ್ರಿಯ ಬಿಸಿನೀರಿನ ತೊಟ್ಟಿಯಲ್ಲಿ ಒಂದು ದಿನ ಇಡುತ್ತಾರೆ. ಮಣ್ಣಿನಿಂದ ಬಂದ ಕೋಲಿಫಾರ್ಮ್‌ಗಳಲ್ಲಿ ಹೆಚ್ಚಿನವು ಆ ಬಿಸಿ ತಡೆಯಲ್ಲ, ಕರುಳಿನವು ತಡೆಯುತ್ತವೆ. ಅಲ್ಲೂ ಗುಳ್ಳೆ ಬಂದ ಟ್ಯೂಬುಗಳನ್ನು ಎಣಿಸಿ, ಕೋಷ್ಟಕ ನೋಡಿ ಸಂಖ್ಯೆ ಬರೆಯುತ್ತಾರೆ. ರಿಪೋರ್ಟಿನಲ್ಲಿ ಎಂಪಿಎನ್ ಅಂತ ಇರೋದು ಇದನ್ನೇ. ಅದು ಹೆಚ್ಚು ಸಂಭವ ಇರುವ ಅಂದಾಜು, ಅಷ್ಟೇ. ನಿಜವಾದ ಸಂಖ್ಯೆ ಅದರ ಮೂರನೇ ಒಂದರಷ್ಟೂ ಇರಬಹುದು, ಮೂರು ಪಟ್ಟೂ ಇರಬಹುದು. ಹಾಗಾಗಿ ಒಂದೇ ತಿಂಗಳ 180 ನೋಡಿ ಖುಷಿಪಡಬೇಡಿ, 260 ನೋಡಿ ಗಾಬರಿಯಾಗಬೇಡಿ. ವರ್ಷದ ಹನ್ನೆರಡೂ ರಿಪೋರ್ಟುಗಳನ್ನು ಪಕ್ಕಪಕ್ಕ ಇಟ್ಟು ನೋಡಿ.

ನೀರನ್ನು 0.45 ಮೈಕ್ರಾನಿನ ಫಿಲ್ಟರ್ ಹಾಳೆಯಲ್ಲಿ ಸೋಸಿ, ಹಾಳೆಯ ಮೇಲೆ ಬೆಳೆದ ಚುಕ್ಕೆಗಳನ್ನು ಎಣಿಸುವ ವಿಧಾನವೂ ಇದೆ. ಇ. ಕೋಲಿ ಇದ್ದರೆ ಯುವಿ ಬೆಳಕಿನಲ್ಲಿ ನೀಲಿಯಾಗಿ ಹೊಳೆಯುವ ರೆಡಿಮೇಡ್ ಪುಡಿಗಳೂ ಸಿಗುತ್ತವೆ, ಒಂದು ದಿನಕ್ಕೆ ಫಲಿತಾಂಶ ಬರುತ್ತದೆ. ಕುಡಿಯುವ ನೀರಿಗೆ ಬಳಸುವ, ಕೆಟ್ಟ ನೀರು ಹಾಕಿದರೆ ಕಪ್ಪಾಗುವ ಆ ಚಿಕ್ಕ ಬಾಟಲಿಯನ್ನು ಮಾತ್ರ ಎಸ್‌ಟಿಪಿಗೆ ತರಬೇಡಿ. ಅದು ಇದೆಯೋ ಇಲ್ಲವೋ ಅಂತ ಹೇಳುತ್ತದೆ, ಎಷ್ಟಿದೆ ಅಂತ ಹೇಳಲ್ಲ.

ಇನ್ನು ಬಾಟಲಿ. ಕ್ಲೋರಿನ್ ಹಾಕಿದ ನೀರನ್ನು ಸುಮ್ನೆ ಒಂದು ಬಾಟಲಿಗೆ ತುಂಬಿದರೆ, ಲ್ಯಾಬಿಗೆ ಹೋಗುವ ದಾರಿಯುದ್ದಕ್ಕೂ ಬಾಟಲಿಯೊಳಗೆ ಕ್ಲೋರಿನ್ ತನ್ನ ಕೆಲಸ ಮಾಡುತ್ತಲೇ ಇರುತ್ತದೆ. ಎರಡು ಗಂಟೆ ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡರೆ ರಿಪೋರ್ಟ್ ಬಹಳ ಚೆನ್ನಾಗಿ ಬರುತ್ತದೆ! ಅಷ್ಟರಲ್ಲಿ ನಿಮ್ಮ ಲಾನ್‌ಗೆ ಹೋದ ನೀರಿನಲ್ಲಿ ಬ್ಯಾಕ್ಟೀರಿಯಾ ಹಾಗೇ ಇರುತ್ತದೆ. ಇದನ್ನು ತಡೆಯಲು ಲ್ಯಾಬಿನವರು ಸ್ಟೆರೈಲ್ ಬಾಟಲಿಗೆ ಸೋಡಿಯಂ ಥಯೋಸಲ್ಫೇಟ್ ಹಾಕಿಟ್ಟಿರುತ್ತಾರೆ. ನೀರು ಬಿದ್ದ ಕ್ಷಣ ಅದು ಕ್ಲೋರಿನ್ನನ್ನು ನಿಲ್ಲಿಸುತ್ತದೆ. ಬಾಟಲಿಯ ತಳದಲ್ಲಿ ಅದು ಚೂರು ಬಿಳಿ ಪುಡಿಯಾಗಿ ಕಾಣಬಹುದು. ಕೊಳೆ ಅಂದುಕೊಂಡು ಆಪರೇಟರ್ ಬಾಟಲಿಯನ್ನು ಅದೇ ನೀರಿನಲ್ಲಿ ಎರಡು ಸಲ ಗಲಬರಿಸಿ ಚೆಲ್ಲಿ ಆಮೇಲೆ ತುಂಬುವುದನ್ನು ನಾನು ನೋಡಿದ್ದೇನೆ. ಅವರನ್ನು ದೂರುವಂತಿಲ್ಲ, ಅದೇನು ಅಂತ ಯಾರೂ ಹೇಳಿಕೊಟ್ಟಿರಲಿಲ್ಲ. ಬಾಟಲಿಯನ್ನು ತೊಳೆಯಬಾರದು, ಕಂಠದವರೆಗೆ ತುಂಬಬಾರದು, ಮುಚ್ಚಳದ ಒಳಭಾಗ ಮುಟ್ಟಬಾರದು. ಐಸ್ ಬಾಕ್ಸಿನಲ್ಲಿಟ್ಟು ಆರೇಳು ಗಂಟೆಯೊಳಗೆ ಟೆಸ್ಟ್ ಶುರುವಾಗುವಂತೆ ತಲುಪಿಸಬೇಕು.

ಹೊತ್ತೂ ಮುಖ್ಯ. ಅನ್ನ ಬೆಂದಿದೆಯಾ ಅಂತ ತಿಳಿಯಲು ಒಂದು ಅಗುಳು ಸಾಕು, ಎಸ್‌ಟಿಪಿಗೆ ಆ ಲೆಕ್ಕ ನಡೆಯಲ್ಲ. ಬೆಳಗ್ಗೆ ಎಲ್ಲರೂ ಸ್ನಾನ ಮಾಡುವ ಹೊತ್ತಿನಲ್ಲಿ ಪ್ಲಾಂಟಿಗೆ ಬರುವ ನೀರೇ ಬೇರೆ, ಮಧ್ಯಾಹ್ನ 3 ಗಂಟೆಯ ನೀರೇ ಬೇರೆ. ಸ್ಯಾಂಪಲ್ ತೆಗೆಯುವ ದಿನ ಮಾತ್ರ ಒಂದು ಬಕೆಟ್ ಹೈಪೋ (ಕ್ಲೋರಿನ್ ದ್ರಾವಣ) ಸುರಿದರೆ ರಿಪೋರ್ಟ್ ಆ ಬಕೆಟ್ಟಿನದ್ದು, ಪ್ಲಾಂಟಿನದ್ದಲ್ಲ.

ಇಲ್ಲಿ ಹೆಚ್ಚಿನವರು ಗಮನಿಸದ ಒಂದು ಕೊಂಡಿ ಇದೆ. ಕರೆಂಟ್ ಬಿಲ್ ಉಳಿಸಲು ರಾತ್ರಿ ಬ್ಲೋವರ್ ಆಫ್ ಮಾಡಿದರೆ ನೀರಿನಲ್ಲಿ ಅಮೋನಿಯಾ ಉಳಿದುಬಿಡುತ್ತದೆ. ಆಮೇಲೆ ಹಾಕಿದ ಕ್ಲೋರಿನ್ ಆ ಅಮೋನಿಯಾ ಜೊತೆ ಸೇರಿ ಕ್ಲೋರಮಿನ್ ಆಗುತ್ತದೆ. ಅದಕ್ಕೆ ಬ್ಯಾಕ್ಟೀರಿಯಾ ಕೊಲ್ಲುವ ಶಕ್ತಿ ತುಂಬಾ ಕಡಿಮೆ. ಹೈಪೋ ಖರ್ಚು ಏರುತ್ತಿದೆ, ಕೋಲಿಫಾರ್ಮ್ ಇಳಿಯುತ್ತಿಲ್ಲ ಅಂದರೆ ಬ್ಲೋವರ್ ಲಾಗ್‌ಬುಕ್ ತೆಗೆದು ನೋಡಿ. ಯುವಿ ಇರುವ ಕಡೆ ನೀರು ಕದಡಿದ್ದರೆ ಬೆಳಕು ಒಳಗೆ ಹೋಗಲ್ಲ. ಜೊತೆಗೆ ಯುವಿ ದಾಟಿದ ನೀರಿಗೆ ಮುಂದೆ ಯಾವ ಕಾವಲೂ ಇರಲ್ಲ, ಫ್ಲಶ್ ಟ್ಯಾಂಕಿನ ಗೋಡೆಯ ಲೋಳೆಯಲ್ಲಿ ಬ್ಯಾಕ್ಟೀರಿಯಾ ಮತ್ತೆ ಬೆಳೆಯಬಹುದು.

ಪಿಸಿಆರ್ ಮಾಡಿಸಿದರೆ ಇದೆಲ್ಲ ತಲೆನೋವು ತಪ್ಪುತ್ತಾ ಅಂತ ಕೆಲವರು ಕೇಳುತ್ತಾರೆ. ಪಿಸಿಆರ್ ಡಿಎನ್‌ಎ ಹುಡುಕುತ್ತದೆ, ಕೆಲವೇ ಗಂಟೆಗಳಲ್ಲಿ ನೇರವಾಗಿ ಸಾಲ್ಮೊನೆಲ್ಲಾ ಇದೆಯಾ ಅಂತ ಹೇಳಬಲ್ಲದು. ಆದರೆ ಕ್ಲೋರಿನ್‌ಗೆ ಸಿಕ್ಕಿ ಸತ್ತ ಬ್ಯಾಕ್ಟೀರಿಯಾದ ಡಿಎನ್‌ಎಯನ್ನೂ ಅದು ಎಣಿಸುತ್ತದೆ. ಸತ್ತವನ್ನು ಬಿಟ್ಟು ಎಣಿಸಲು ಒಂದು ಬಗೆಯ ಬಣ್ಣ ಸೇರಿಸುವ ಉಪಾಯವಿದೆ, ಅದೂ ಪೂರ್ತಿ ಪಕ್ಕಾ ಅಲ್ಲ. ಇನ್ನೊಂದು ಕಡೆ, ಟ್ಯೂಬಿನಲ್ಲಿ ಬೆಳೆಸುವ ವಿಧಾನಕ್ಕೂ ಕುರುಡು ಜಾಗವಿದೆ. ಪೆಟ್ಟು ತಿಂದ ಕೆಲವು ಬ್ಯಾಕ್ಟೀರಿಯಾಗಳು ಬದುಕಿದ್ದೂ ಬೆಳೆಯದೆ ಸುಮ್ಮನಿರುತ್ತವೆ. ಕಾಲರಾ ಬ್ಯಾಕ್ಟೀರಿಯಾ ಹೀಗಿರುತ್ತದೆ ಅಂತ 1980ರ ದಶಕದಲ್ಲೇ ಅಮೆರಿಕದ ರೀಟಾ ಕೋಲ್ವೆಲ್ ತಂಡ ತೋರಿಸಿತ್ತು.

ಹಾಗಾದರೆ ರೋಗದ ಬ್ಯಾಕ್ಟೀರಿಯಾವನ್ನೇ ಹುಡುಕುವುದು ವ್ಯರ್ಥವಾ? ಖಂಡಿತ ಅಲ್ಲ. ಊರಿನ ಆರೋಗ್ಯ ತಿಳಿಯಲು ಅದಕ್ಕಿಂತ ಒಳ್ಳೆಯ ದಾರಿ ಕಡಿಮೆ. 1940ರ ದಶಕದಲ್ಲಿ ಇಂಗ್ಲೆಂಡಿನ ಡೆವನ್ ಪ್ರಾಂತ್ಯದಲ್ಲಿ ಪ್ಯಾರಾಟೈಫಾಯ್ಡ್ ಮರುಕಳಿಸುತ್ತಿತ್ತು. ಬ್ರೆಂಡನ್ ಮೂರ್ ಎಂಬ ವಿಜ್ಞಾನಿ ಗಾಯಕ್ಕೆ ಕಟ್ಟುವ ಗಾಜ್ ಬಟ್ಟೆಯನ್ನು ಸುತ್ತಿ, ದಾರ ಕಟ್ಟಿ, ಚರಂಡಿಗಳಲ್ಲಿ ಕೆಲವು ದಿನ ಇಳಿಬಿಟ್ಟರು. ಲೋಟದಲ್ಲಿ ಮೊಗೆದರೆ ಆ ಕ್ಷಣದ ನೀರು ಮಾತ್ರ ಸಿಗುತ್ತದೆ. ಬಟ್ಟೆಯಲ್ಲಿ ದಿನಗಟ್ಟಲೆ ಹರಿದದ್ದು ಸಿಕ್ಕಿಕೊಳ್ಳುತ್ತದೆ. ಬ್ಯಾಕ್ಟೀರಿಯಾ ಸಿಕ್ಕ ಪೈಪಿನ ಜಾಡು ಹಿಡಿದು ಮೇಲೆ ಮೇಲೆ ಹೋಗಿ, ಗೊತ್ತಿಲ್ಲದೆ ಸೋಂಕು ಹರಡುತ್ತಿದ್ದವರನ್ನು ಪತ್ತೆಹಚ್ಚಿದರು. ಈಚಿನ ವರ್ಷಗಳಲ್ಲಿ ವೆಲ್ಲೂರಿನ ಚರಂಡಿಗಳಲ್ಲೂ ಟೈಫಾಯ್ಡ್ ಹುಡುಕಲು ಇದೇ ಬಟ್ಟೆ ಇಳಿಬಿಟ್ಟು, ಅದರಿಂದ ಪಿಸಿಆರ್ ಮಾಡಿದ್ದಾರೆ. ಕೋವಿಡ್ ಕಾಲದಲ್ಲಿ ಬೆಂಗಳೂರಿನ ಎಸ್‌ಟಿಪಿಗಳ ಕೊಳಚೆ ನೀರಿನಲ್ಲಿ ವೈರಸ್ ಹುಡುಕಿದ್ದೂ ಇದೇ ಯೋಚನೆಯಿಂದ. ಈ ಕೆಲಸ ಟೈಫಾಯ್ಡ್‌ಗೂ ನಮ್ಮ ರಾಜ್ಯದಲ್ಲಿ ವರ್ಷವಿಡೀ ನಡೆಯಬೇಕು ಅಂತ ನನ್ನ ಆಸೆ.

ಕೋಲಿಫಾರ್ಮ್ ಸಂಖ್ಯೆ ಏನೂ ಹೇಳದ ಒಂದು ಬ್ಯಾಕ್ಟೀರಿಯಾ ಇದೆ, ಅದನ್ನು ಬಿಡುವಂತಿಲ್ಲ. ಲೀಜಿಯೊನೆಲ್ಲಾ ಮಲದಿಂದ ಬರೋದಲ್ಲ. ಬೆಚ್ಚಗಿನ ನೀರಿನಲ್ಲಿ ತಾನೇ ಬೆಳೆದು, ಸಣ್ಣ ಹನಿಗಳಲ್ಲಿ ಗಾಳಿಗೆ ಸೇರಿ, ಶ್ವಾಸಕೋಶಕ್ಕೆ ಹೋಗುತ್ತದೆ. 2003-04ರಲ್ಲಿ ಫ್ರಾನ್ಸಿನ ಪಾ-ದ-ಕಲೇ ಪ್ರದೇಶದಲ್ಲಿ ಒಂದು ಪೆಟ್ರೋಕೆಮಿಕಲ್ ಕಾರ್ಖಾನೆಯ ಕೂಲಿಂಗ್ ಟವರಿನಿಂದ (ಬಿಸಿ ನೀರನ್ನು ಗಾಳಿಗೆ ಒಡ್ಡಿ ತಣಿಸುವ ಗೋಪುರ) ಅದು ಹರಡಿ 86 ಜನರಿಗೆ ಕಾಯಿಲೆ ಬಂತು, 18 ಜನ ಸತ್ತರು. ಆ ಕಾರ್ಖಾನೆಯ ಕೊಳಚೆ ನೀರಿನ ಹೊಂಡದಲ್ಲೂ ಅದು ಬೆಳೆದಿತ್ತು. ಎಸ್‌ಟಿಪಿ ನೀರನ್ನು ಕೂಲಿಂಗ್ ಟವರಿಗೆ ಕೊಡುವ ಕಟ್ಟಡಗಳು ಲೀಜಿಯೊನೆಲ್ಲಾ ಟೆಸ್ಟ್ ಪ್ರತ್ಯೇಕವಾಗಿ ಮಾಡಿಸಲೇಬೇಕು.

ನಿಮ್ಮ ಲಾನ್ ವಿಷಯಕ್ಕೆ ಬಂದರೆ, ಸ್ಪ್ರಿಂಕ್ಲರ್ ನಿಲ್ಲಿಸಿ, ಪೈಪಿನಲ್ಲಿ ನೆಲಮಟ್ಟಕ್ಕೆ ನೀರು ಬಿಡಿ. ಮಕ್ಕಳು ಸಂಜೆ ಆಡುತ್ತಾರಾದರೆ ಬೆಳಗ್ಗೆಯೇ ಬಿಟ್ಟು, ಹುಲ್ಲು ಬಿಸಿಲಿಗೆ ಒಣಗಲಿ. ಮುಂದಿನ ಸಲ ಲ್ಯಾಬಿನವರನ್ನು ಬೆಳಗ್ಗೆ 8ಕ್ಕೆ ಬರಲು ಹೇಳಿ, ಆಪರೇಟರ್‌ಗೆ ಮೊದಲೇ ತಿಳಿಸಬೇಡಿ. ಪ್ಲಾಂಟಿನ ಔಟ್‌ಲೆಟ್‌ನಿಂದ ಒಂದು ಬಾಟಲಿ, ಫ್ಲಶ್ ಟ್ಯಾಂಕಿನಿಂದ ಇನ್ನೊಂದು ಬಾಟಲಿ ತೆಗೆಸಿ. ಸ್ಯಾಂಪಲ್ ತೆಗೆದ ಹೊತ್ತು, ಟೆಸ್ಟ್ ಶುರುವಾದ ಹೊತ್ತು, ಬಾಟಲಿಯಲ್ಲಿ ಥಯೋಸಲ್ಫೇಟ್ ಇತ್ತೇ ಎಂಬುದು, ಮೂರನ್ನೂ ರಿಪೋರ್ಟಿನಲ್ಲೇ ಬರೆದುಕೊಡಲು ಕೇಳಿ.