ಮೈಸೂರಿನ ಬೀದಿಗಳು: ಮೆರವಣಿಗೆಗೆ ಸಿಂಗಾರ, ಓಡಾಡುವವರಿಗೆ ಏನು?

ದಸರಾ ಹತ್ತಿರ ಬಂತು ಅಂದ್ರೆ ಮೈಸೂರಿನ ಬೀದಿಗಳಿಗೆ ಕಳೆ ಬರುತ್ತದೆ. ಸಯ್ಯಾಜಿರಾವ್ ರಸ್ತೆಯ ಗುಂಡಿ ಮುಚ್ಚುತ್ತಾರೆ. ಸರ್ಕಲ್‌ಗಳಿಗೆ ಬಣ್ಣ ಬಳಿಯುತ್ತಾರೆ. ಜಂಬೂಸವಾರಿ ಬನ್ನಿಮಂಟಪ ಮುಟ್ಟಿದ ಮೇಲೆ ಆ ಹುರುಪೂ ಇಳಿಯುತ್ತದೆ. ಇಲ್ಲಿನವರಿಗೆ ಇದೇನು ಹೊಸ ಸಂಗತಿಯಲ್ಲ. ಆದರೆ ಮೈಸೂರಿಗೆ ಅಂದದ ಊರು ಅನ್ನುವ ಹೆಸರು ಬಂದದ್ದು ಈ ಐದು ಕಿಲೋಮೀಟರ್ ದಾರಿಯಿಂದ ಮಾತ್ರ ಅಲ್ಲ. ಚರಂಡಿ ಎತ್ತ ಹರಿಯಬೇಕು, ಕಸ ಯಾವ ಕಡೆಯಿಂದ ಹೋಗಬೇಕು, ಮನೆಗೂ ಮನೆಗೂ ಎಷ್ಟು ಜಾಗ ಇರಬೇಕು ಅಂತ ತಲೆ ಕೆಡಿಸಿಕೊಂಡವರು ಒಂದು ಕಾಲದಲ್ಲಿ ಇಲ್ಲಿದ್ದರು. ಹೆಸರು ಬಂದದ್ದು ಅವರಿಂದ.

ಆ ಕಾಲ ಶುರುವಾಗಿದ್ದು ಎರಡು ಅನಾಹುತಗಳಿಂದ. 1897ರಲ್ಲಿ ರಾಜಕುಮಾರಿಯ ಮದುವೆಯ ಸಮಯದಲ್ಲಿ ಹಳೆಯ ಮರದ ಅರಮನೆಗೆ ಬೆಂಕಿ ಬಿತ್ತು. ಅದರ ಮರುವರ್ಷವೇ ಪ್ಲೇಗು ಬಂತು. ಕೋಟೆಯ ಒಳಗೆ, ಅರಮನೆಯ ಸುತ್ತ ಮನೆಗಳು ಒತ್ತಿಕೊಂಡಿದ್ದವು. ಗಾಳಿ ಆಡುತ್ತಿರಲಿಲ್ಲ, ನೀರು ನಿಲ್ಲುತ್ತಿತ್ತು. ಇಲಿಯ ಮೇಲಿನ ಚಿಗಟಗಳಿಂದ ಪ್ಲೇಗು ಹರಡುತ್ತದೆ ಅನ್ನುವುದು ಆಗಿನ್ನೂ ಖಚಿತವಾಗಿರಲಿಲ್ಲ. ಆದರೆ ಇಕ್ಕಟ್ಟಿನ ಕೇರಿಗಳಲ್ಲೇ ಜಾಸ್ತಿ ಜನ ಸಾಯುತ್ತಾರೆ ಅನ್ನುವುದು ಎಲ್ಲರ ಕಣ್ಣಿಗೂ ಕಾಣುತ್ತಿತ್ತು.

ಪ್ಲೇಗಿನ ಹೊಡೆತ ತಿಂದ ಬೊಂಬಾಯಿ 1898ರಲ್ಲಿ ನಗರ ಸುಧಾರಣೆಗೆ ಅಂತಲೇ ಒಂದು ಟ್ರಸ್ಟ್ ಮಾಡಿಕೊಂಡಿತ್ತು. ಮೈಸೂರಿನಲ್ಲಿ ಅಂಥದ್ದು 1903ರಲ್ಲಿ ಬಂತು. ಅದೇ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡ್, ಹಳಬರ ಬಾಯಲ್ಲಿ ಇವತ್ತಿಗೂ ಸಿಐಟಿಬಿ. ನಾಲ್ವಡಿ ಕೃಷ್ಣರಾಜ ಒಡೆಯರು ಅಧಿಕಾರ ವಹಿಸಿಕೊಂಡು ಆಗಿನ್ನೂ ಒಂದು ವರ್ಷ. ಕೋಟೆಯೊಳಗಿನ ಜನರಿಗೆ ಹೊರಗಡೆ ಜಾಗ ಕೊಟ್ಟರು. ಅರಮನೆಯ ಸುತ್ತ ಬಯಲಾಯಿತು. ಲಕ್ಷ್ಮೀಪುರಂ, ಕೃಷ್ಣಮೂರ್ತಿಪುರಂ, ಒಂಟಿಕೊಪ್ಪಲು ಹೀಗೆ ಒಂದೊಂದೇ ಬಡಾವಣೆ ಬೆಳೆದವು. ಇವತ್ತು ಅರಮನೆಯ ಎದುರು ನಿಂತು ನಾವು ಖುಷಿ ಪಡುವ ಆ ವಿಶಾಲ ಬಯಲಿನ ಹಿಂದೆ ಎಷ್ಟೋ ಸಂಸಾರಗಳು ಮನೆ ಖಾಲಿ ಮಾಡಿದ ಕಥೆಯೂ ಇದೆ.

ಈ ಬಡಾವಣೆಗಳಲ್ಲಿ ಒಮ್ಮೆ ನಡೆದು ನೋಡಿ. ಮನೆಯ ಮುಂದೆ ರಸ್ತೆ, ಬದಿಯಲ್ಲಿ ಮರ. ಮನೆಯ ಹಿಂದೆ ಇನ್ನೊಂದು ಸಣ್ಣ ದಾರಿ. ಅದಕ್ಕೆ ಕನ್ಸರ್ವೆನ್ಸಿ ಅನ್ನುತ್ತಾರೆ. ಎದುರುಬದುರು ಬೀದಿಗಳ ಹಿತ್ತಿಲುಗಳೆರಡೂ ಈ ಓಣಿಗೆ ಬೆನ್ನು ಮಾಡಿರುತ್ತವೆ. ಹಳೆಯ ಕಾಂಪೌಂಡ್ ಗೋಡೆಗಳಲ್ಲಿ ಅಲ್ಲಲ್ಲಿ ತಗ್ಗಾದ, ಮುಚ್ಚಿಹೋದ ಬಾಗಿಲುಗಳು ಕಾಣುತ್ತವೆ. ಪಾಯಿಖಾನೆ ಹಿತ್ತಿಲಿನ ಕೊನೆಯಲ್ಲಿ ಇರುತ್ತಿತ್ತು. ಅದನ್ನು ಬಳಿಯುವವರು ಈ ಓಣಿಯಲ್ಲಿ ಬಂದು, ಆ ಬಾಗಿಲು ತೆಗೆದು, ಮಲವನ್ನು ಹೊತ್ತುಕೊಂಡು ಹೋಗುತ್ತಿದ್ದರು. ಮುಂದಿನ ಬೀದಿಯವರ ಕಣ್ಣಿಗೆ ಅವರು ಬೀಳುತ್ತಿರಲಿಲ್ಲ.

ಮೈಸೂರಿನ ಬೀದಿಗಳ ಅಂದದ ಬಗ್ಗೆ ಮಾತಾಡುವಾಗ ಇದನ್ನು ಬಿಟ್ಟು ಮಾತಾಡಬಾರದು ಅಂತ ನನಗೆ ಅನಿಸುತ್ತದೆ. ಓಣಿಯ ಲೆಕ್ಕಾಚಾರ ಸರಿಯಾಗಿಯೇ ಇತ್ತು. ಗಾಳಿ, ಬೆಳಕು, ಚರಂಡಿ ಮೂರಕ್ಕೂ ಅದರಲ್ಲಿ ಜಾಗ ಇತ್ತು. ಆದರೆ ಆ ವ್ಯವಸ್ಥೆ ನಿಂತಿದ್ದು ಕೆಲವೇ ಜಾತಿಗಳವರ ತಲೆಯ ಮೇಲೆ. ತಲೆ ಮೇಲೆ ಮಲ ಹೊರುವುದನ್ನು ಕರ್ನಾಟಕದಲ್ಲಿ ನಿಷೇಧಿಸಿದ್ದು 1970ರ ದಶಕದಲ್ಲಿ, ಸಚಿವರಾಗಿದ್ದ ಬಿ. ಬಸವಲಿಂಗಪ್ಪ. ಒಳಚರಂಡಿ ಬಂದ ಮೇಲೆ ಓಣಿಗೆ ಕೆಲಸ ಇಲ್ಲದಾಯಿತು. ಕೆಲವು ಕಡೆ ಕಸ ಬಿತ್ತು. ಕೆಲವು ಕಡೆ ಗ್ಯಾರೇಜು, ಶೆಡ್ಡು ಎದ್ದವು. ಇನ್ನು ಕೆಲವು ಕಡೆ ಮಕ್ಕಳು ಕ್ರಿಕೆಟ್ ಆಡುತ್ತಾರೆ.

1908ರಲ್ಲಿ ಊರಿಗೆ ಕರೆಂಟು ಬಂತು. 1912ಕ್ಕೆ ಹೆನ್ರಿ ಇರ್ವಿನ್ ವಿನ್ಯಾಸದ ಹೊಸ ಅರಮನೆ ಮುಗಿಯಿತು. 1927ರಲ್ಲಿ ನಾಲ್ವಡಿಯವರ ಆಳ್ವಿಕೆಯ ಬೆಳ್ಳಿಹಬ್ಬಕ್ಕೆ ದೊಡ್ಡ ಗಡಿಯಾರ ಎದ್ದಿತು. ಅದರ ಹಿಂದಿನ ವರ್ಷ ದಿವಾನರಾದವರು ಮಿರ್ಜಾ ಇಸ್ಮಾಯಿಲ್. ಕಾಗದದ ಮೇಲೆ ಬರುವ ವರದಿಯನ್ನು ನಂಬಿ ಕೂತವರಲ್ಲ ಅವರು. ಬೆಳಿಗ್ಗೆ ತಾವೇ ಬೀದಿ ಸುತ್ತಿ ಚರಂಡಿ, ಉದ್ಯಾನ, ಕಸ ಎಲ್ಲವನ್ನೂ ನೋಡುತ್ತಿದ್ದರು. 1941ರಲ್ಲಿ ಮೈಸೂರು ಬಿಟ್ಟ ಮೇಲೆ ಅವರು ಜೈಪುರದ ದಿವಾನರಾದರು. ಅಲ್ಲಿನ ಮುಖ್ಯ ರಸ್ತೆಯ ಹೆಸರು ಇವತ್ತಿಗೂ ಎಂ.ಐ. ರೋಡ್, ಅಂದರೆ ಮಿರ್ಜಾ ಇಸ್ಮಾಯಿಲ್ ರೋಡ್. ಬೀದಿ ಚೆನ್ನಾಗಿ ಇಟ್ಟುಕೊಳ್ಳುವುದನ್ನು ಒಬ್ಬ ದಿವಾನರು ಇಲ್ಲಿಂದ ಇನ್ನೊಂದು ಹಳೆಯ ರಾಜಧಾನಿಗೂ ತೆಗೆದುಕೊಂಡು ಹೋದರು. ನಮ್ಮ ಮಕ್ಕಳಿಗೆ ಇದನ್ನು ಹೇಳಬೇಕು.

ಸ್ವಾತಂತ್ರ್ಯದ ನಂತರ ಊರು ಹೊರಕ್ಕೆ ಬೆಳೆಯಿತು. 1987ರ ನಗರಾಭಿವೃದ್ಧಿ ಪ್ರಾಧಿಕಾರಗಳ ಕಾಯ್ದೆಯಿಂದ ಸಿಐಟಿಬಿಯ ಜಾಗಕ್ಕೆ ಮುಡಾ ಬಂತು. ಅಲ್ಲಿಗೆ ಸುಧಾರಣೆ ಅಂದ್ರೆ ಹೊಸ ಸೈಟು ಅನ್ನುವ ಹಾಗಾಯಿತು. ಹಳೆಯ ಊರಿನ ನಡುಭಾಗವನ್ನು ಕಟ್ಟಿಯಾಗಿದೆ, ಇನ್ನೇನು ಮಾಡುವುದು ಅಂತ ಬಿಟ್ಟರು. ರಿಪೇರಿ ಮಾತ್ರ ಪಾಲಿಕೆಯ ತಲೆಗೆ ಬಂತು.

ಆ ಬಿಟ್ಟದ್ದರ ಬೆಲೆ 2012ರ ಆಗಸ್ಟ್ 25ರಂದು ಗೊತ್ತಾಯಿತು. ವೈಸ್‌ರಾಯ್ ಲಾನ್ಸ್‌ಡೌನ್ ಬಂದ ನೆನಪಿಗೆ 1892ರಲ್ಲಿ ಕಟ್ಟಿದ ಲಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ನಾಲ್ವರು ಸತ್ತರು. ನಾಲ್ಕು ವರ್ಷದ ನಂತರ, 2016ರ ಆಗಸ್ಟಿನಲ್ಲಿ, ದೇವರಾಜ ಮಾರ್ಕೆಟ್‌ನ ಉತ್ತರದ ಭಾಗ ಬಿತ್ತು. ಎರಡಕ್ಕೂ ನಡುವೆ ನಡೆದರೆ ಕೆಲವೇ ನಿಮಿಷದ ದಾರಿ.

ಇಂಥ ಕಟ್ಟಡ ಒಂದೇ ದಿನಕ್ಕೆ ಬೀಳುವುದಿಲ್ಲ. ಇಟ್ಟಿಗೆ, ಸುಣ್ಣದ ಗಾರೆಯ ಗೋಡೆ ಉಸಿರಾಡುತ್ತದೆ. ಒಳಗೆ ಸೇರಿದ ತೇವ ಹಾಗೇ ಹೊರಗೆ ಹೋಗುತ್ತದೆ. ರಿಪೇರಿಗೆ ಬಂದವರು ಅದರ ಮೇಲೆ ಸಿಮೆಂಟ್ ಮೆತ್ತಿದರೆ ತೇವ ಒಳಗೇ ಉಳಿದು ಗಾರೆ ಪುಡಿಯಾಗುತ್ತದೆ. ತಾರಸಿಯ ದೋಣಿ ಕಟ್ಟಿಕೊಂಡರೆ ಮಳೆ ನೀರು ಗೋಡೆಗೆ ಇಳಿಯುತ್ತದೆ. ಹಕ್ಕಿ ಹಾಕಿದ ಬೀಜ ಬಿರುಕಿನಲ್ಲಿ ಅರಳಿ ಗಿಡವಾಗುತ್ತದೆ, ಅದರ ಬೇರು ಇಟ್ಟಿಗೆಯನ್ನು ಸೀಳುತ್ತದೆ. ಗಿಡ ಗೇಣುದ್ದ ಇರುವಾಗ ಒಬ್ಬ ಆಳು ಏಣಿ ಹಾಕಿ ಕಿತ್ತರೆ ಮುಗಿಯಿತು. ಆ ಆಳಿಗೆ ಕೂಲಿ ಕೊಡುವ ಬಾಬತ್ತು ಇಲ್ಲದೆ, ಕಟ್ಟಡ ಬಿದ್ದ ಮೇಲೆ ಕೋಟಿಗಳ ಲೆಕ್ಕ ಹಾಕುತ್ತೇವೆ. ಮಾರ್ಕೆಟನ್ನು ಕೆಡವಿ ಹಳೆಯ ರೂಪದಲ್ಲೇ ಕಟ್ಟೋಣ ಅಂತ ಒಂದು ಕಡೆ, ಇರುವುದನ್ನೇ ಗಟ್ಟಿ ಮಾಡಬಹುದು ಅಂತ ಪರಂಪರೆ ತಜ್ಞರು ಇನ್ನೊಂದು ಕಡೆ. ಈ ಜಗಳದ ನಡುವೆಯೇ ಕುಂಕುಮದ ಗುಡ್ಡೆ, ಮೊಳ ಹಾಕಿ ಅಳೆಯುವ ಮಲ್ಲಿಗೆ, ವೀಳ್ಯದೆಲೆಯ ಕಟ್ಟು ಎಲ್ಲ ದಿನಾ ವ್ಯಾಪಾರವಾದವು. ಉಳಿಸಬೇಕು ಅನ್ನುವವರ ಪಕ್ಷ ನನ್ನದು. ಮೊದಲ ಕಾರಣ, ಅಲ್ಲಿ ಸಣ್ಣ ಸಣ್ಣ ಮಳಿಗೆಗಳು ಉಳಿದಿವೆ. ಹೊಸದಾಗಿ ಕಟ್ಟಿದ ಮೇಲೆ ಅದೇ ಬಾಡಿಗೆಗೆ ಅದೇ ಜನ ವಾಪಸ್ ಬರುತ್ತಾರೆ ಅನ್ನುವ ಭರವಸೆ ಯಾರಿಗಿದೆ?

2010ರ ದಶಕದಲ್ಲಿ ರಾಜಮಾರ್ಗ ಅನ್ನುವ ಯೋಜನೆ ಬಂತು. ಜಂಬೂಸವಾರಿಯ ದಾರಿಗೆ ಕಲ್ಲುಹಾಸಿನ ಫುಟ್‌ಪಾತ್, ಹಳೆಯ ಶೈಲಿಯ ದೀಪದ ಕಂಬ, ಅಲಂಕಾರದ ಕಟಾಂಜನ. ನೋಡುವುದಕ್ಕೆ ಚೆನ್ನಾಗಿದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ನಡೆಯುವವರಿಗೆ ಬೇಕಾದದ್ದು ಬೇರೆ. ದೇಶದ ರಸ್ತೆಗಳಿಗೆ ಮಾನದಂಡ ರೂಪಿಸುವ ಸಂಸ್ಥೆ ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ 2012ರ ಮಾರ್ಗಸೂಚಿ ಪ್ರಕಾರ ಫುಟ್‌ಪಾತ್‌ನಲ್ಲಿ ಏನೂ ಅಡ್ಡ ಇಲ್ಲದ ಜಾಗ ಕಡಿಮೆ ಅಂದ್ರೂ 1.8 ಮೀಟರ್ ಇರಬೇಕು. ಅಂಚಿನ ಎತ್ತರ 150 ಮಿಲಿಮೀಟರ್ ದಾಟಬಾರದು. ನಮ್ಮ ಊರಲ್ಲಿ ಎಷ್ಟೋ ಕಡೆ ಅದು ಮೊಣಕಾಲ ಹತ್ತಿರ ಬರುತ್ತದೆ. ಮಂಡಿ ನೋವಿನ ಅಜ್ಜಿ ಅದನ್ನು ಹತ್ತುವುದಿಲ್ಲ, ರಸ್ತೆಗೇ ಇಳಿಯುತ್ತಾರೆ. ಅಂಗಡಿಯ ಮುಂದೆ ಬೈಕ್ ಹತ್ತಿಸುವ ಇಳಿಜಾರು ಬಂದಲ್ಲೆಲ್ಲ ಫುಟ್‌ಪಾತ್ ತುಂಡಾಗುತ್ತದೆ.

ಒಳ್ಳೆಯ ಪ್ರಯತ್ನಗಳೂ ಆಗಿವೆ. 2017ರ ಜೂನ್‌ನಲ್ಲಿ 'ಟ್ರಿನ್ ಟ್ರಿನ್' ಹೆಸರಿನಲ್ಲಿ 450 ಬಾಡಿಗೆ ಸೈಕಲ್‌ಗಳು ಬಂದವು. ಅಷ್ಟು ಹೊತ್ತಿಗೆ 2015 ಮತ್ತು 2016ರಲ್ಲಿ ದೇಶದ ಅತಿ ಸ್ವಚ್ಛ ನಗರ ಅನ್ನುವ ಹೆಸರೂ ಸಿಕ್ಕಿತ್ತು. ಅದು ಬೆಳಗಾಗುವ ಮೊದಲೇ ಪೊರಕೆ ಹಿಡಿಯುವ ಪೌರಕಾರ್ಮಿಕರ ಸಂಪಾದನೆ. ಸೈಕಲ್ ಬಂದರೂ ಸೈಕಲ್‌ಗೆ ಅಂತ ಭದ್ರವಾದ ದಾರಿ ಮಾತ್ರ ಬರಲಿಲ್ಲ. ರಸ್ತೆಯ ಅಗಲ ಕಾರಿಗೂ ಪಾರ್ಕಿಂಗಿಗೂ ಹೋಯಿತು. 2025ರ ಏಪ್ರಿಲ್‌ನಲ್ಲಿ ಹೈದರ್ ಅಲಿ ರಸ್ತೆ ಅಗಲ ಮಾಡಲು 40 ಮರ ಕಡಿದಾಗ ಜನ ಬೀದಿಗಿಳಿದು ಪ್ರತಿಭಟಿಸಿದ್ದು ಸುಮ್ನೆ ಅಲ್ಲ. ಮೈಸೂರಿನ ಬಿಸಿಲಲ್ಲಿ ನಡೆಯುವವನಿಗೆ ನೆರಳೇ ದೊಡ್ಡ ಸೌಕರ್ಯ.

ತಳ್ಳುಗಾಡಿಯವರ ವಿಷಯದಲ್ಲಂತೂ ಕಾನೂನೇ ಸ್ಪಷ್ಟವಾಗಿದೆ. 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಪ್ರಕಾರ ಸಮೀಕ್ಷೆ ಮಾಡಬೇಕು, ವ್ಯಾಪಾರಿಗಳೂ ಇರುವ ಪಟ್ಟಣ ಸಮಿತಿ ಜಾಗ ಗೊತ್ತು ಮಾಡುವುದರಲ್ಲಿ ಪಾಲ್ಗೊಳ್ಳಬೇಕು. ಸಮೀಕ್ಷೆ ಮುಗಿಯುವ ತನಕ ಯಾರನ್ನೂ ಎಬ್ಬಿಸುವ ಹಾಗಿಲ್ಲ. ಗಣ್ಯರ ಭೇಟಿ ಇದೆ ಅಂತ ಹೂವಿನ ಬುಟ್ಟಿ ಎತ್ತಿಸುವುದು ಸುಧಾರಣೆ ಅಲ್ಲ. ಚಿಕ್ಕ ಗಡಿಯಾರದ ಸುತ್ತ ಸಂಜೆ ಹೊತ್ತು ನಾಲ್ಕು ಜನ ನಿಲ್ಲುವುದೇ ಅಲ್ಲಿ ವ್ಯಾಪಾರ ಇದೆ ಅಂತ ಅಲ್ವಾ?

ಮುಂದಿನ ಬಜೆಟ್‌ನಲ್ಲಿ ಒಂದೇ ಕೆಲಸ ಆರಿಸಿಕೊಳ್ಳಿ ಅಂದರೆ ನಾನು ಕನ್ಸರ್ವೆನ್ಸಿಗಳನ್ನು ಕೇಳುತ್ತೇನೆ. ಜಾಗ ಸಾರ್ವಜನಿಕರದ್ದು, ಹೊಸದಾಗಿ ಭೂಸ್ವಾಧೀನ ಬೇಡ, ಮರ ಕಡಿಯುವುದು ಬೇಡ. ಒತ್ತುವರಿ ತೆರವು ಮಾಡಿ, ಚರಂಡಿ ಸರಿಮಾಡಿ, ನೆಲ ಮಟ್ಟ ಮಾಡಿ, ರಾತ್ರಿಗೆ ದೀಪ ಹಾಕಿ, ವಾಹನ ಬರದ ಹಾಗೆ ಎರಡೂ ತುದಿಗೆ ಕಲ್ಲು ನೆಟ್ಟರೆ ಮಕ್ಕಳು ಶಾಲೆಗೆ ನಡೆದು ಹೋಗಲು, ವಯಸ್ಸಾದವರು ಬೆಳಿಗ್ಗೆ ವಾಕಿಂಗ್ ಮಾಡಲು ದಾರಿ ಸಿಗುತ್ತದೆ. ಲಕ್ಷ್ಮೀಪುರಂ, ಕೃಷ್ಣಮೂರ್ತಿಪುರಂನ ಓಣಿಗಳಿಂದ ಶುರು ಮಾಡಬಹುದು. ವರ್ಷವಿಡೀ ನೋಡಿಕೊಳ್ಳುವ ಹಣವನ್ನೂ ಅದೇ ಬಜೆಟ್‌ನಲ್ಲಿ ಬೇರೆಯಾಗಿ ಎತ್ತಿಡಬೇಕು. ಯಾವುದಾದರೂ ಒಂದು ಓಣಿಗೆ, ಈ ಊರನ್ನು ನೂರಾರು ವರ್ಷ ತಲೆ ತಗ್ಗಿಸಿ ಶುಚಿ ಮಾಡಿದವರ ನೆನಪಿಗೆ ಒಂದು ಫಲಕ ಹಾಕಲಿ.