ಮಧ್ಯಾಹ್ನ ಬಾಡಿದ ಗಿಡ

ಶಿವರಾತ್ರಿ ಕಳೆಯಿತೆಂದರೆ ನನ್ನ ಮೊಬೈಲಿಗೆ ಬಾಡಿದ ಗಿಡಗಳ ಫೋಟೊಗಳು ಬರತೊಡಗುತ್ತವೆ. ತೆಗೆದ ಹೊತ್ತು ನೋಡಿದರೆ ಹೆಚ್ಚಿನವು ಮಧ್ಯಾಹ್ನ ಒಂದರಿಂದ ಮೂರು ಗಂಟೆಯೊಳಗಿನವು. ಕೆಳಗೆ ಒಂದೇ ಸಾಲು: ‘ದಿನಕ್ಕೆ ಮೂರು ಸಲ ನೀರು ಹಾಕುತ್ತಿದ್ದೇನೆ, ಆದರೂ ಹೀಗೆ.’ ಆ ‘ಆದರೂ’ ಎಂಬುದನ್ನು ಅಳಿಸಿ ‘ಅದಕ್ಕೇ’ ಎಂದು ಬರೆದುಕೊಂಡರೆ ಅರ್ಧ ಕಾಯಿಲೆ ಪತ್ತೆಯಾದ ಹಾಗೆ.

ಇಪ್ಪತ್ತು ವರ್ಷಗಳಿಂದ ಬೆಂಗಳೂರಿನ ತಾರಸಿಗಳನ್ನು ಹತ್ತಿ ಇಳಿಯುತ್ತಿದ್ದೇನೆ. ಬಿಸಿಲಿಗೆ ಸತ್ತ ಹೂಗಿಡಗಳಿಗಿಂತ ಒಡೆಯರ ಮಮತೆಗೆ ಸತ್ತವನ್ನೇ ಹೆಚ್ಚು ಕಂಡಿದ್ದೇನೆ. ನಡುಮಧ್ಯಾಹ್ನ ಎಲೆಯಿಂದ ನೀರು ಆವಿಯಾಗುವ ವೇಗಕ್ಕೆ ಬೇರು ಸಮನಾಗಿ ಒದಗಿಸಲಾರದು. ಮಣ್ಣು ಒದ್ದೆಯಿದ್ದರೂ ಅಷ್ಟೇ. ಆಗ ಎಲೆ ಜೋಲುತ್ತದೆ. ಹೈಡ್ರಾಂಜಿಯಾ, ಡೇಲಿಯಾದಂಥ ಅಗಲ ಎಲೆಯವು ಹನ್ನೊಂದಕ್ಕೇ ತಲೆ ಬಾಗಿಸಿಬಿಡುತ್ತವೆ, ಸಂಜೆ ಬಿಸಿಲಿಳಿದ ಮೇಲೆ ತಾವಾಗಿಯೇ ನೆಟ್ಟಗಾಗುತ್ತವೆ. ಊಟದ ನಂತರ ತೂಕಡಿಸುವವರನ್ನು ನಾವೇನೂ ಆಸ್ಪತ್ರೆಗೆ ಸೇರಿಸುವುದಿಲ್ಲವಲ್ಲ.

ತೂಕಡಿಸುವ ಗಿಡಕ್ಕೆ ಕೊಡಗಟ್ಟಲೆ ಸುರಿದರೆ ಮಣ್ಣಿನ ಕಣಗಳ ನಡುವಿನ ಗಾಳಿಯ ಜಾಗವೆಲ್ಲ ನೀರಾಗುತ್ತದೆ. ಬೇರಿಗೂ ಉಸಿರು ಬೇಕು. ಉಸಿರುಗಟ್ಟಿದ ಬೇರು ಕೊಳೆಯುತ್ತದೆ, ಕೊಳೆತದ್ದು ನೀರು ಹೀರುವುದಿಲ್ಲ, ನೀರು ಸಿಗದ ಎಲೆ ಮತ್ತೆ ಬಾಡುತ್ತದೆ. ಬಾಯಾರಿದ ಗಿಡವೂ ಬೇರು ಕೊಳೆತ ಗಿಡವೂ ನೋಡಲು ಒಂದೇ ಥರ. ಯಜಮಾನರು ಇನ್ನೊಂದು ಕೊಡ ಸುರಿಯುತ್ತಾರೆ.

ಹಾಗಾಗಿ ಗಿಡವನ್ನು ನೋಡಬೇಕಾದ ಹೊತ್ತು ಬೆಳಿಗ್ಗೆ ಆರೂವರೆ. ಆಗಲೂ ಜೋತುಬಿದ್ದಿದ್ದರೆ ಎರಡು ಗೆಣ್ಣಿನವರೆಗೆ ಬೆರಳು ಇಳಿಸಿ. ಒಣಗಿದ್ದರೆ ಕುಂಡದ ತಳದಿಂದ ಸೋರುವಷ್ಟು ನೀರು ಕೊಡಿ. ಒದ್ದೆಯಿದ್ದರೆ ಕೈ ಕಟ್ಟಿಕೊಳ್ಳಿ, ತಳದ ತೂತು ಕಟ್ಟಿದೆಯೇ ನೋಡಿ. ಕೋಕೋಪೀಟ್, ಅಂದರೆ ತೆಂಗಿನ ನಾರಿನ ಪುಡಿ, ಹೆಚ್ಚಿರುವ ಕುಂಡದಲ್ಲಿ ಮೇಲ್ಪದರ ನಸುಕಂದಾಗಿ ಒಣಗಿ ಕಂಡರೂ ಕೆಳಗೆ ಕೆಸರಿರಬಹುದು. ಅಲ್ಲಿ ಬೆರಳಿಗಿಂತ ಕುಂಡವನ್ನು ಎತ್ತಿ ನೋಡುವುದೇ ಮೇಲು. ನಾಲ್ಕು ದಿನ ಎತ್ತಿದರೆ ತೂಕ ಕೈಗೆ ಪರಿಚಯವಾಗುತ್ತದೆ.

ಜಯನಗರದ ಹಿರಿಯರೊಬ್ಬರ ತಾರಸಿಯಲ್ಲಿ ಹನ್ನೆರಡು ದುಂಡುಮಲ್ಲಿಗೆ ಕುಂಡಗಳಿದ್ದವು, ಪ್ರತಿಯೊಂದರ ಅಡಿಯಲ್ಲೂ ತುಂಬಿದ ತಟ್ಟೆ. ಬೇಸಿಗೆ ರಜೆಗೆ ಬರುವ ಮೊಮ್ಮಗಳಿಗೆ ಮನೆಯ ಹೂವನ್ನೇ ಮುಡಿಸಬೇಕೆಂಬ ಆಸೆ ಅವರಿಗೆ. ಒಂದು ಕುಂಡ ಬೋರಲು ಹಾಕಿದೆ, ಚರಂಡಿಯ ವಾಸನೆ ಬಂತು. ಬೇರನ್ನು ಹಿಡಿದೆಳೆದರೆ ಸಿಪ್ಪೆ ಕಳಚಿ ನಡುವಿನ ನಾರು ಮಾತ್ರ ಕೈಗೆ ಬಂತು. ತಟ್ಟೆಗಳಲ್ಲಿ ಸೊಳ್ಳೆಮರಿಗಳು ಈಜಾಡುತ್ತಿದ್ದವು. ಡೆಂಗಿ ಹರಡುವ ಸೊಳ್ಳೆಗೆ ಇಷ್ಟು ನೀರು ಧಾರಾಳ. ‘ನಾನು ಹೇಳಿದ್ದನ್ನು ಇವರು ಎಂದಾದರೂ ಕೇಳಿದ್ದಾರೆಯೇ?’ ಎಂದರು ಅವರ ಮನೆಯವರು. ನಾನು ಮಾತಾಡಲಿಲ್ಲ, ಕಾಫಿ ಅವರ ಕೈಯಿಂದಲೇ ಬರಬೇಕಿತ್ತು. ಏಳು ಗಿಡ ಉಳಿದವು.

2024ರ ಮಾರ್ಚ್‌ನಲ್ಲಿ ಬೆಂಗಳೂರು ಜಲಮಂಡಳಿಯು ಕೈತೋಟಕ್ಕೆ ಕುಡಿಯುವ ನೀರು ಬಳಸಿದರೆ 5,000 ರೂಪಾಯಿ ದಂಡವೆಂದಿತು. ಆ ಬೇಸಿಗೆ ನನ್ನ ಗಿರಾಕಿಗಳು ಅಕ್ಕಿ, ತರಕಾರಿ ತೊಳೆದ ನೀರನ್ನು ಅಳೆದು ಹಾಕಿದರು. ಕೆಲವು ತಾರಸಿಗಳು ಹಿಂದಿನ ವರ್ಷಕ್ಕಿಂತ ಚೆನ್ನಾಗಿದ್ದವು. ಇದನ್ನು ಸಿದ್ಧಾಂತವೆನ್ನಲಾರೆ, ಕಂಡದ್ದನ್ನು ಹೇಳಿದೆ. ನೀರು ಶುದ್ಧೀಕರಿಸುವ ಯಂತ್ರ ಹೊರಬಿಡುವ ನೀರನ್ನು ಮಾತ್ರ ದಿನವೂ ಹಾಕಬೇಡಿ, ಅದರಲ್ಲಿ ಲವಣ ಜಾಸ್ತಿ. ಬಾಡಿದ ಗಿಡಕ್ಕೆ ‘ಶಕ್ತಿ ಬರಲಿ’ ಎಂದು ಕಡಲೆಕಾಯಿ ಹಿಂಡಿಯನ್ನೂ ತುರುಕಬೇಡಿ, ಚೇತರಿಸಿಕೊಳ್ಳಲಿ. ಬುಡಕ್ಕೆ ಎರಡಂಗುಲ ತರಗೆಲೆ ಹಾಸಿ, ಕಾಂಡಕ್ಕೆ ತಾಗದಂತೆ.

ಆರಂಗುಲದ ಪುಟ್ಟ ಕುಂಡಗಳು, ನೇತುಹಾಕಿದವು, ಪಡುವಣ ಗೋಡೆಗೆ ಒರಗಿರುವವು ಈ ಲೆಕ್ಕಕ್ಕೆ ಬರುವುದಿಲ್ಲ. ಅವಕ್ಕೆ ಏಪ್ರಿಲ್‌ನಲ್ಲಿ ದಿನಕ್ಕೆ ಎರಡು ಸಲ ನೀರು ನಿಜಕ್ಕೂ ಬೇಕಾಗಬಹುದು. ಅವುಗಳ ಫೋಟೊ ಕಳಿಸುವುದಾದರೆ ಕುಂಡವೂ ಕಾಣುವಂತೆ ತೆಗೆಯಿರಿ, ದಯವಿಟ್ಟು ಬೆಳಗಿನ ಹೊತ್ತು.