ಫೋಟೊ ಎಳೆಯಬೇಡಿ, ಕತ್ತರಿಸಿ

ಬ್ಯಾಂಕ್ ಪರೀಕ್ಷೆಗಳ ಅರ್ಜಿಯಲ್ಲಿ ಬರುವ ಸೂಚನೆ ನೋಡಿರುತ್ತೀರಿ. ಫೋಟೊ ಪಾಸ್‌ಪೋರ್ಟ್ ಸೈಜ್ ಇರಬೇಕು, ಅಂದರೆ 3.5 ಸೆಂಟಿಮೀಟರ್ ಅಗಲ, 4.5 ಸೆಂಟಿಮೀಟರ್ ಎತ್ತರ. 200 ಬೈ 230 ಪಿಕ್ಸೆಲ್ ಇದ್ದರೆ ಒಳ್ಳೆಯದು. ಫೈಲ್ 20ರಿಂದ 50 ಕೆಬಿ ಒಳಗಿರಬೇಕು. ಓದೋಕೆ ಸರಳವಾಗಿದೆ, ಆದರೆ ಈ ಎರಡು ಅಳತೆಗಳ ಆಕಾರ ಒಂದೇ ಅಲ್ಲ. ಲೆಕ್ಕ ಹಾಕಿ ನೋಡಿ. ಪಾಸ್‌ಪೋರ್ಟ್ ಫೋಟೊದ ಅಗಲವನ್ನು 200 ಪಿಕ್ಸೆಲ್‌ಗೆ ತಂದರೆ ಎತ್ತರ 257 ಆಗಬೇಕು. ಅರ್ಜಿ ಕೇಳುವುದು 230. ಉಳಿದ 27 ಪಿಕ್ಸೆಲ್ ಏನಾಗಬೇಕು?

ಕೊನೇ ದಿನ, ಸೈಬರ್ ಸೆಂಟರಿನಲ್ಲಿ ಕ್ಯೂ ಇದೆ, ಸರ್ವರ್ ನಿಧಾನ. ಅಂಥ ಹೊತ್ತಿನಲ್ಲಿ ಎರಡು ಬಾಕ್ಸಿನಲ್ಲಿ 200, 230 ಅಂತ ಟೈಪ್ ಮಾಡಿ ಓಕೆ ಒತ್ತಿಬಿಡುತ್ತಾರೆ. ಆ 27 ಪಿಕ್ಸೆಲ್‌ನ ನಷ್ಟ ಆಗ ಸೀದಾ ಮುಖಕ್ಕೆ ಬೀಳುತ್ತದೆ. ಮುಖ ಮೇಲಿಂದ ಕೆಳಕ್ಕೆ ಹತ್ತು ಪರ್ಸೆಂಟಿಗಿಂತ ಸ್ವಲ್ಪ ಜಾಸ್ತಿಯೇ ಕುಗ್ಗುತ್ತದೆ, ಕೆನ್ನೆ ಅಗಲವಾಗುತ್ತದೆ, ಕುತ್ತಿಗೆ ಗಿಡ್ಡವಾಗುತ್ತದೆ. ಹಾಲ್ ಟಿಕೆಟ್ಟಿನಲ್ಲಿ ಅಚ್ಚಾಗುವುದು ಇದೇ ಫೋಟೊ. ಪರೀಕ್ಷೆ ದಿನ ಮೇಲ್ವಿಚಾರಕರು ಮುಖಕ್ಕೆ ಹೋಲಿಸಿ ನೋಡುವುದೂ ಇದನ್ನೇ.

ಸರಿಯಾದ ದಾರಿ ಕಷ್ಟದ್ದೇನಲ್ಲ. ಮೊದಲು 200:230ರ ಆಕಾರಕ್ಕೆ ಕ್ರಾಪ್ ಮಾಡಿ. ಎದೆಯ ಭಾಗದಿಂದ, ತಲೆಯ ಮೇಲಿನ ಖಾಲಿ ಜಾಗದಿಂದ ಸ್ವಲ್ಪ ಹೋಗುತ್ತದೆ, ಮುಖಕ್ಕೆ ಏನೂ ಆಗುವುದಿಲ್ಲ. ಆಮೇಲೆ ಸೈಜ್ ಇಳಿಸಿ. ಅಷ್ಟೇ.

ಇಷ್ಟು ವಿವರವಾಗಿ ಹೇಳಲು ಕಾರಣವಿದೆ. ಫೋಟೊ ಕೆಡುವುದು ಸಾಮಾನ್ಯವಾಗಿ ಇದೊಂದೇ ಕಡೆ. ಸೈಜ್ ಬದಲಿಸುವುದು ಬೇರೆ, ಆಕಾರ ಬದಲಿಸುವುದು ಬೇರೆ. ಸೈಜ್ ಬದಲಿಸುವಾಗ ಅಗಲ ಮತ್ತು ಎತ್ತರ ಒಟ್ಟಿಗೇ, ಒಂದೇ ಪ್ರಮಾಣದಲ್ಲಿ ಹೆಚ್ಚಬೇಕು ಅಥವಾ ಇಳಿಯಬೇಕು. ಆಕಾರ ಬದಲಾಗಬೇಕು ಅಂದರೆ ಇರುವುದು ಎರಡೇ ದಾರಿ: ಒಂದಿಷ್ಟು ಕತ್ತರಿಸಿ, ಇಲ್ಲವೇ ಪಕ್ಕದಲ್ಲಿ ಖಾಲಿ ಜಾಗ ಬಿಡಿ. ಎಳೆಯುವುದು, ಅಂದರೆ ಒಂದೇ ದಿಕ್ಕಿನಲ್ಲಿ ಹಿಗ್ಗಿಸುವುದು ಇಲ್ಲವೇ ಕುಗ್ಗಿಸುವುದು, ಮೂರನೇ ದಾರಿ ಅಂತ ಸಾಫ್ಟ್‌ವೇರ್ ತೋರಿಸುತ್ತದೆ, ನಾನು ಅದನ್ನು ದಾರಿ ಅಂತ ಒಪ್ಪುವುದಿಲ್ಲ. ಅದರಿಂದ ಬದಲಾಗುವುದು ಒಬ್ಬರ ಮುಖ.

ಫೋಟೊ ಎಳೆದಿದ್ದಾರೋ ಇಲ್ಲವೋ ಅಂತ ಅನುಮಾನ ಬಂದರೆ ಕಣ್ಣುಗುಡ್ಡೆಯ ಕಪ್ಪು ಭಾಗವನ್ನು ಝೂಮ್ ಮಾಡಿ ನೋಡಿ. ನೇರವಾಗಿ ಕ್ಯಾಮೆರಾ ನೋಡುತ್ತಿರುವ ಮುಖದಲ್ಲಿ ಅದು ದುಂಡಗೇ ಇರಬೇಕು. ರೆಪ್ಪೆ ಸ್ವಲ್ಪ ಮುಚ್ಚಿದ್ದರೂ ಉಳಿದ ಅಂಚಿನಲ್ಲಿ ಗೊತ್ತಾಗಿಬಿಡುತ್ತದೆ. ಗೋಡೆ ಗಡಿಯಾರ, ಎದುರಿಗೆ ಕಾಣುವ ಗಾಡಿ ಚಕ್ರ ಕೂಡ ಸಾಕ್ಷಿ ಹೇಳುತ್ತವೆ. ಹೀಗೆ ಕುಗ್ಗಿಹೋದ ಫೋಟೊ ಮಾತ್ರ ನಿಮ್ಮ ಹತ್ತಿರ ಉಳಿದಿದ್ದರೆ ಗಾಬರಿ ಬೇಡ. ಮೂಲ ಆಕಾರ ಯಾವುದಿತ್ತು ಅಂತ ಗೊತ್ತಿದ್ದರೆ ವಾಪಸ್ ತರಬಹುದು. ಮೇಲೆ ಹೇಳಿದ 200 ಬೈ 230ರ ಫೋಟೊವನ್ನು, ಅಗಲ-ಎತ್ತರದ ಅನುಪಾತ ಹಿಡಿದಿಡುವ ಲಾಕ್ ತೆಗೆದು, 200 ಬೈ 257 ಮಾಡಿದರೆ ಮುಖ ಮೊದಲಿನ ಹಾಗೇ ಆಗುತ್ತದೆ. ಎಳೆಯುವುದಕ್ಕೆ ನಾನು ಒಪ್ಪುವ ಜಾಗ ಇದೊಂದೇ.

ನನಗೆ ಅತಿ ಹೆಚ್ಚು ಬೇಜಾರಾಗುವುದು ತೀರಿಹೋದವರ ಫೋಟೊ ಎಳೆದಾಗ. ಮನೆಯಲ್ಲಿ ತಂದೆಯವರದೋ ಅಜ್ಜಿಯದೋ ಒಂದೇ ಒಂದು ಪಾಸ್‌ಪೋರ್ಟ್ ಫೋಟೊ ಇರುತ್ತದೆ. ವೈಕುಂಠ ಸಮಾರಾಧನೆಗೆ ದೊಡ್ಡದು ಬೇಕು, 12 ಬೈ 18 ಇಂಚಿನ ಫ್ರೇಮ್ ಆಗಲೇ ತಂದಾಗಿದೆ. ಪಾಸ್‌ಪೋರ್ಟ್ ಫೋಟೊವನ್ನು 12 ಇಂಚು ಅಗಲ ಮಾಡಿದರೆ ಎತ್ತರ ಬರುವುದು ಸುಮಾರು 15.4 ಇಂಚು. ಅದನ್ನು 18ಕ್ಕೆ ಎಳೆದರೆ ಮುಖ 17 ಪರ್ಸೆಂಟ್ ಉದ್ದವಾಗುತ್ತದೆ. ದುಂಡು ಮುಖದ ಅಜ್ಜಿ ಕಾಯಿಲೆ ಬಿದ್ದು ಸೊರಗಿದವರ ಹಾಗೆ ಕಾಣುತ್ತಾರೆ. ಆ ಫೋಟೊ ಮುಂದೆ ಎಷ್ಟೋ ವರ್ಷ ಗೋಡೆ ಮೇಲಿರುತ್ತದೆ, ಮೊಮ್ಮಕ್ಕಳು ನೆನಪಿಟ್ಟುಕೊಳ್ಳುವುದು ಆ ಮುಖವನ್ನೇ. ಇದಕ್ಕೆ 12 ಬೈ 15ರ ಫ್ರೇಮ್ ತನ್ನಿ. ಅರ್ಧ ಇಂಚೂ ಕತ್ತರಿಸಬೇಕಾಗಿಲ್ಲ, ಹೆಚ್ಚುಕಡಿಮೆ ಸರಿಯಾಗಿ ಕೂರುತ್ತದೆ. ದೊಡ್ಡ ಫ್ರೇಮೇ ಬೇಕು ಅಂದರೆ ಹಿಂದಿನ ಬಣ್ಣವನ್ನು ಮೇಲ್ಗಡೆ ಬೆಳೆಸಿಕೊಡಿ ಅಂತ ಕೇಳಿ. ಪಾಸ್‌ಪೋರ್ಟ್ ಫೋಟೊದ ಹಿನ್ನೆಲೆ ಒಂದೇ ಬಣ್ಣ ಇರುವುದರಿಂದ ಅದು ಹತ್ತು ನಿಮಿಷದ ಕೆಲಸ.

ಪ್ರಿಂಟ್ ಅಳತೆಗಳ ವಿಷಯಕ್ಕೆ ಬಂದರೆ, ಎಲ್ಲಾ ಸೈಜೂ ಎಲ್ಲಾ ಕ್ಯಾಮೆರಾಗೂ ಹೊಂದುವುದಿಲ್ಲ. ಡಿಎಸ್‌ಎಲ್‌ಆರ್ ಕೊಡುವುದು 3:2 ಆಕಾರ. 1925ರಲ್ಲಿ ಮಾರುಕಟ್ಟೆಗೆ ಬಂದ ಲೈಕಾ ಕ್ಯಾಮೆರಾದ 24 ಬೈ 36 ಮಿಲಿಮೀಟರ್ ಫಿಲ್ಮಿನ ಚೌಕಟ್ಟೇ ಇವತ್ತಿಗೂ ನಡೆದುಬಂದಿದೆ. 4 ಬೈ 6, 8 ಬೈ 12, 12 ಬೈ 18 ಇದಕ್ಕೆ ಸರಿಹೊಂದುತ್ತವೆ. 8 ಬೈ 10 ಹೊಂದುವುದಿಲ್ಲ, ಉದ್ದದಲ್ಲಿ ಆರನೇ ಒಂದು ಭಾಗ ಹೋಗುತ್ತದೆ. ಮೊಬೈಲ್ ಫೋಟೊ ಸಾಮಾನ್ಯವಾಗಿ 4:3. 4000 ಬೈ 3000 ಪಿಕ್ಸೆಲ್‌ನ ಮೊಬೈಲ್ ಫೋಟೊವನ್ನು 4 ಬೈ 6ಕ್ಕೆ ಹಾಕಿದರೆ 3000ದಲ್ಲಿ 333 ಪಿಕ್ಸೆಲ್ ಕತ್ತರಿಸಲೇಬೇಕು. ಯಾವ ಕಡೆಯಿಂದ ಅನ್ನುವುದನ್ನು ನೀವೇ ತೀರ್ಮಾನಿಸಿ, ಲ್ಯಾಬಿನ ಮೆಷಿನ್‌ಗೆ ಬಿಡಬೇಡಿ. ಅದು ಎರಡೂ ಕಡೆ ಸಮವಾಗಿ ಕತ್ತರಿಸುತ್ತದೆ. ಮದುಮಗನ ಪೇಟದ ತುದಿ, ಮದುಮಗಳ ಬಾಸಿಂಗ, ಕೆಳಗೆ ಸೀರೆ ಅಂಚು, ಹೋಗುವುದು ಇವೇ. ಕೈಕಾಲು ಕತ್ತರಿಸಲೇಬೇಕಾದರೆ ಮಣಿಕಟ್ಟು, ಮಂಡಿ, ಪಾದದ ಕೀಲಿನ ಹತ್ತಿರ ಬೇಡ. ತೊಡೆಯ ಮಧ್ಯೆಯೋ ಸೊಂಟದ ಹತ್ತಿರವೋ ಕತ್ತರಿಸಿದರೆ ಕಣ್ಣಿಗೆ ಒಪ್ಪುತ್ತದೆ.

ಮದುವೆ ಆಲ್ಬಂ ಮಾಡುವವರಿಗೆ ಒಂದು ಮಾತು. 12 ಬೈ 36ರ ಹಾಳೆ ಅಂದರೆ 3:1 ಆಕಾರ. 6000 ಬೈ 4000ದ ಫೋಟೊವನ್ನು ಪೂರ್ತಿ ಹಾಳೆಗೆ ಹರಡಬೇಕಾದರೆ ಎತ್ತರ 2000ಕ್ಕೆ ಇಳಿಯಬೇಕು, ಅಂದರೆ ಅರ್ಧ ಫೋಟೊ ಹೋಯಿತು. ಅದಕ್ಕೇ ಎಷ್ಟೋ ಆಲ್ಬಂಗಳಲ್ಲಿ ಧಾರೆಯ ಫೋಟೊ ಅಡ್ಡಡ್ಡ ಎಳೆದು ಎಲ್ಲರೂ ದಪ್ಪ ಕಾಣುತ್ತಾರೆ. ಇಡೀ ಹಾಳೆ ತುಂಬುವ ಫೋಟೊ ಬೇಕಾದರೆ ಅದನ್ನು ಮಂಟಪದಲ್ಲೇ ಯೋಚಿಸಿ, ಹಿಂದೆ ಸರಿದು, ಮೇಲೆ ಕೆಳಗೆ ಧಾರಾಳವಾಗಿ ಜಾಗ ಬಿಟ್ಟು ತೆಗೆಯಬೇಕು. ಇಲ್ಲದಿದ್ದರೆ ಒಂದು ಪುಟಕ್ಕೆ ಹಾಕಿ. ಹಾಳೆಯ ಅರ್ಧ ಅಂದರೆ 18 ಬೈ 12, ಅದು ಸರಿಯಾಗಿ 3:2. ಒಂದು ಎಳೆಯೂ ಕತ್ತರಿಸದೆ ಕೂರುತ್ತದೆ. ಫೋಟೊಶಾಪ್‌ನಲ್ಲಿ 2008ರ ಸಿಎಸ್4 ವರ್ಷನ್‌ನಿಂದ ಕಂಟೆಂಟ್-ಅವೇರ್ ಸ್ಕೇಲ್ ಇದೆ ನಿಜ. ಮುಖ್ಯ ಭಾಗಗಳನ್ನು ಆದಷ್ಟು ಹಾಗೇ ಬಿಟ್ಟು ಖಾಲಿ ಜಾಗವನ್ನು ಮಾತ್ರ ಹಿಗ್ಗಿಸಲು ಅದು ನೋಡುತ್ತದೆ. ಆಕಾಶ, ಸಮುದ್ರ, ಖಾಲಿ ಗೋಡೆ ಇದ್ದರೆ ಚೆನ್ನಾಗಿ ಕೆಲಸ ಮಾಡುತ್ತದೆ. ಮಂಟಪದ ಕಂಬ, ಹೂವಿನ ಅಲಂಕಾರ, ಜನ ಇದ್ದ ಕಡೆ ನಂಬಬೇಡಿ.

ಇನ್ನೊಂದು ಸಣ್ಣ ವಿಷಯ, ಆದರೆ ಇದರಿಂದ ಆಗುವ ಹಾಳು ದೊಡ್ಡದು. ಹಳೇ ಫೋಟೊಶಾಪ್‌ನಲ್ಲಿ ಕಂಟ್ರೋಲ್ ಟಿ ಒತ್ತಿ ಮೂಲೆ ಎಳೆಯುವಾಗ ಶಿಫ್ಟ್ ಹಿಡಿದರೆ ಮಾತ್ರ ಅನುಪಾತ ಉಳಿಯುತ್ತಿತ್ತು. 2018ರ ಅಕ್ಟೋಬರಿನಲ್ಲಿ ಬಂದ ಸಿಸಿ 2019ರಿಂದ ಇದು ಉಲ್ಟಾ ಆಗಿದೆ: ಸುಮ್ನೆ ಎಳೆದರೆ ಅನುಪಾತ ಉಳಿಯುತ್ತದೆ, ಶಿಫ್ಟ್ ಹಿಡಿದರೆ ಕೆಡುತ್ತದೆ. ಹಳೇ ವರ್ಷನ್‌ನಲ್ಲಿ ಕೈ ಪಳಗಿದವರು ಹೊಸದಕ್ಕೆ ಬಂದಾಗ ಬೆರಳು ತಾನಾಗಿಯೇ ಶಿಫ್ಟ್ ಮೇಲೆ ಹೋಗುತ್ತದೆ, ಅಲ್ವಾ? ಕೋರಲ್‌ಡ್ರಾ ಸಾಫ್ಟ್‌ವೇರಿನಲ್ಲಿ ಫ್ಲೆಕ್ಸ್ ಮಾಡುವವರು ಬದಿಯ ಹಿಡಿ ಮುಟ್ಟಲೇಬೇಡಿ, ಮೂಲೆಯದನ್ನು ಮಾತ್ರ ಎಳೆಯಿರಿ. ಜಾಗಕ್ಕೆ ಹೊಂದಿಸಲು ಪವರ್‌ಕ್ಲಿಪ್ ಇದೆ, ಫೋಟೊವನ್ನು ಚೌಕಟ್ಟಿನೊಳಗೆ ಕೂರಿಸಿ ಹೊರಗಿನ ಭಾಗವನ್ನು ಮರೆಮಾಡುತ್ತದೆ. ವರ್ಡ್‌ನಲ್ಲೂ ಮೂಲೆಯೇ.

ಕೆಬಿ ಮತ್ತು ಪಿಕ್ಸೆಲ್ ಕೂಡ ಬೇರೆ ಬೇರೆ. 50 ಕೆಬಿ ಮೀರಿದೆ ಅಂತ ಫೋಟೊವನ್ನು ಚಿಕ್ಕದು, ಇನ್ನೂ ಚಿಕ್ಕದು ಮಾಡುತ್ತಾ ಹೋಗಬೇಡಿ. ಪಿಕ್ಸೆಲ್ ಅಳತೆ ಹಾಗೇ ಇಟ್ಟು, ಸೇವ್ ಮಾಡುವಾಗ ಜೆಪಿಇಜಿ ಕ್ವಾಲಿಟಿ ಸ್ವಲ್ಪ ಇಳಿಸಿ. 20 ಕೆಬಿಗಿಂತ ಕಡಿಮೆ ಬಂದರೆ ಕ್ವಾಲಿಟಿ ಏರಿಸಿ. ಪ್ರತಿ ಸಲವೂ ಮೂಲ ಫೋಟೊದಿಂದಲೇ ಶುರು ಮಾಡಿ. ಸೇವ್ ಮಾಡಿದ್ದನ್ನೇ ಮತ್ತೆ ಮತ್ತೆ ಸೇವ್ ಮಾಡಿದರೆ ಗುಣಮಟ್ಟ ಇಳಿಯುತ್ತಲೇ ಹೋಗುತ್ತದೆ. ದೊಡ್ಡ ಪ್ರಿಂಟ್ ಬೇಕಾದರೆ ವಾಟ್ಸಾಪ್‌ನಲ್ಲಿ ಮಾಮೂಲಿ ಫೋಟೊ ಥರ ಕಳಿಸಬೇಡಿ, ಅದು ಪಿಕ್ಸೆಲ್ ಇಳಿಸಿಬಿಡುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿ, ಮೂಲ ಹಾಗೇ ಬರುತ್ತದೆ.

ಅರ್ಜಿಯ ಇನ್ನೊಂದು ಭಾಗ ಸಹಿ. ಅದಕ್ಕೆ ಕೇಳುವುದು 140 ಬೈ 60 ಪಿಕ್ಸೆಲ್, ಅಂದರೆ 7:3. ಹೆಚ್ಚಿನವರು ಎ4 ಹಾಳೆಯ ಮಧ್ಯೆ ಸಹಿ ಮಾಡಿ, ಮೊಬೈಲಿನಲ್ಲಿ ತೆಗೆದು, ಆಮೇಲೆ ಒತ್ತಿ ಕೂರಿಸುತ್ತಾರೆ. ಪರೀಕ್ಷೆ ಹಾಲಿನಲ್ಲಿ ಮಾಡುವ ಸಹಿಗೂ ಇದಕ್ಕೂ ತಾಳೆಯಾಗುವುದಿಲ್ಲ. ಹೀಗೆ ಮಾಡಿ: ಬಿಳಿ ಹಾಳೆಯಲ್ಲಿ ಪೆನ್ಸಿಲಿನಿಂದ 7 ಸೆಂಟಿಮೀಟರ್ ಅಗಲ, 3 ಸೆಂಟಿಮೀಟರ್ ಎತ್ತರದ ಬಾಕ್ಸ್ ಎಳೆದುಕೊಳ್ಳಿ, ಅದರೊಳಗೆ ಕಪ್ಪು ಪೆನ್ನಿನಲ್ಲಿ ಸಹಿ ಮಾಡಿ. ಮೊಬೈಲನ್ನು ಹಾಳೆಗೆ ಸಮನಾಗಿ, ನೇರ ಮೇಲಿಂದ ಹಿಡಿದು ತೆಗೆಯಿರಿ. ಓರೆ ಹಿಡಿದರೆ ಬಾಕ್ಸೇ ಸೊಟ್ಟ ಬರುತ್ತದೆ. ಗೆರೆಯ ಒಳಗಂಚಿಗೆ ಕ್ರಾಪ್ ಮಾಡಿದರೆ ಆಕಾರ ಆಗಲೇ ಸರಿ ಇರುತ್ತದೆ, 140 ಬೈ 60 ಅಂತ ಟೈಪ್ ಮಾಡುವುದಷ್ಟೇ ಬಾಕಿ.